ಗಗನಯಾತ್ರಿಗಳ ಗುರು ನಿಕೊಲಾಯ್ ಕಮಾನಿನ್

ಬಾಹ್ಯಾಕಾಶಕ್ಕೆ ಮೊದಲು ಹೋದವರು ಯಾರೆಂದು ಕೇಳಿದರೆ ಯೂರಿ ಗಗಾರಿನ್ ಎಂದು ಥಟ್ಟನೆ ಹೇಳುತ್ತೀರಿ. ಅವರ ತರಬೇತಿಯ ಹೊಣೆ ಹೊತ್ತಿದ್ದವರು ಯಾರು ಗೊತ್ತೇ? ಸೋವಿಯತ್ ವಾಯುಸೇನೆಯ ಜನರಲ್ ನಿಕೊಲಾಯ್ ಕಮಾನಿನ್.

ಕಮಾನಿನ್ ರಷ್ಯಾದ ಮೆಲೆಂಕಿ ಎಂಬ ಊರಿನಲ್ಲಿ 1908ರಲ್ಲಿ ಜನಿಸಿದರು. 1934ರ ಫೆಬ್ರವರಿಯಲ್ಲಿ ಚೆಲ್ಯೂಸ್ಕಿನ್ ಎಂಬ ಹಡಗು ಉತ್ತರದ ಹಿಮಸಾಗರದಲ್ಲಿ ಮಂಜುಗಡ್ಡೆಗಳ ನಡುವೆ ಸಿಕ್ಕಿ ಮುಳುಗಿತು. 104 ಜನ ತೇಲುವ ಮಂಜಿನ ಮೇಲೆ ಉಳಿದರು. ಅವರಲ್ಲಿ ಇಬ್ಬರು ಪುಟ್ಟ ಮಕ್ಕಳೂ ಇದ್ದರು! ಕಮಾನಿನ್ ತಮ್ಮ ಪುಟ್ಟ ವಿಮಾನದಲ್ಲಿ 9 ಬಾರಿ ಹಾರಿ 34 ಜನರನ್ನು ದಡ ಸೇರಿಸಿದರು. ಆ ರಕ್ಷಣಾ ಕಾರ್ಯದ ಏಳು ವೈಮಾನಿಕರಿಗೆ 'ಸೋವಿಯತ್ ಒಕ್ಕೂಟದ ವೀರ' ಎಂಬ ಬಿರುದು ಮೊಟ್ಟಮೊದಲ ಬಾರಿಗೆ ದೊರೆಯಿತು.

ಎರಡನೇ ಮಹಾಯುದ್ಧದಲ್ಲಿ ಅವರು ಇಲ್-2 ದಾಳಿ ವಿಮಾನಗಳ ದಳವನ್ನು ಮುನ್ನಡೆಸಿದರು. ಮಗ ಅರ್ಕಾದಿ ಕೂಡ ಅಪ್ಪನ ದಳದಲ್ಲಿಯೇ ಇದ್ದ. ಹದಿನಾಲ್ಕನೇ ವಯಸ್ಸಿಗೇ ಪುಟ್ಟ ವಿಮಾನ ಹಾರಿಸುತ್ತ ಸಂದೇಶ ಒಯ್ಯುತ್ತಿದ್ದ. ಇಂದು ಯಾವ ಸೇನೆಯೂ ಅಷ್ಟು ಚಿಕ್ಕ ಹುಡುಗನಿಗೆ ಅಂಥ ಕೆಲಸ ಕೊಡಬಾರದು, ಬಿಡಿ. ಯುದ್ಧದಲ್ಲಿ ಬದುಕುಳಿದ ಅರ್ಕಾದಿ 1947ರಲ್ಲಿ, 18ನೇ ವಯಸ್ಸಿನಲ್ಲಿ, ಮಿದುಳುಪೊರೆಯ ಉರಿಯೂತದಿಂದ ತೀರಿಕೊಂಡ.

1960ರಿಂದ ಕಮಾನಿನ್ ಗಗನಯಾತ್ರಿಗಳ ತರಬೇತಿಯ ಮುಖ್ಯಸ್ಥರಾದರು. 1961ರ ಏಪ್ರಿಲ್ 12ರಂದು ಗಗಾರಿನ್ ಹಾರಿದರು. ಅದೇ ವರ್ಷ ಗಗಾರಿನ್ ಭಾರತಕ್ಕೆ ಬಂದಾಗ ಜೊತೆಯಲ್ಲಿ ಕಮಾನಿನ್ನರೂ ಇದ್ದರು. ಮಹಿಳೆಯೂ ಬಾಹ್ಯಾಕಾಶಕ್ಕೆ ಹೋಗಬೇಕೆಂದು ಪಟ್ಟು ಹಿಡಿದವರು ಅವರೇ. 1963ರಲ್ಲಿ ವಲೆಂತಿನಾ ತೆರೆಷ್ಕೋವಾ ಹಾರಿದರು.

ಮುಂದಿನ ವರ್ಷಗಳು ಕಠಿಣವಾಗಿದ್ದವು. 1967ರಲ್ಲಿ ಸೋಯುಜ್-1 ಇಳಿಯುವಾಗ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳದೆ ವ್ಲದೀಮಿರ್ ಕೊಮರೋವ್ ಸತ್ತರು. ಮರುವರ್ಷ ಗಗಾರಿನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1971ರ ಜೂನ್‌ನಲ್ಲಿ ಸೋಯುಜ್-11 ಭೂಮಿಗೆ ಮರಳುತ್ತಿತ್ತು. ನೌಕೆಯ ಭಾಗಗಳು ಬೇರ್ಪಡುವಾಗ ಒಂದು ಚಿಕ್ಕ ಕವಾಟ ತೆರೆದುಕೊಂಡು ಒಳಗಿನ ಗಾಳಿಯೆಲ್ಲ ಸೋರಿಹೋಯಿತು. ನೌಕೆ ಸರಿಯಾಗಿಯೇ ಇಳಿಯಿತು, ಆದರೆ ಒಳಗಿದ್ದ ಮೂವರೂ ಜೀವಂತವಿರಲಿಲ್ಲ. ಇಕ್ಕಟ್ಟಾದ ಆ ನೌಕೆಯಲ್ಲಿ ಮೂವರೂ ರಕ್ಷಾ ಉಡುಪು ತೊಟ್ಟು ಕೂರಲು ಜಾಗವಿರಲಿಲ್ಲ. ಮುಂದಿನ ಸೋಯುಜ್‌ಗಳಲ್ಲಿ ಇಬ್ಬರೇ ಹೋದರು, ಉಡುಪು ತೊಟ್ಟೇ ಹೋದರು.

ಅದೇ ವರ್ಷ ಕಮಾನಿನ್ ಹುದ್ದೆ ಬಿಟ್ಟರು. 1982ರಲ್ಲಿ ನಿಧನರಾದರು. ಗಗನಯಾತ್ರಿಗಳ ಬಗ್ಗೆ ಅವರು ಗುಟ್ಟಾಗಿ ಬರೆದಿಟ್ಟಿದ್ದ ದಿನಚರಿಗಳು 1990ರ ದಶಕದಲ್ಲಿ ಅಚ್ಚಾದವು. ಆ ನೌಕೆಗಳ ಒಳಗಿನ ಕಥೆ ಹೊರಜಗತ್ತಿಗೆ ಬಹುಪಾಲು ತಿಳಿದದ್ದು ಆಗಲೇ.