ಗಿಟಾರ್ ಬಾರಿಸಲು ಬಾರದ ಲಿಯೋ ಫೆಂಡರ್

ಕಳೆದ ರಜೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ತಗೊಂಡು ಅಫಜಲಪುರದ ನಮ್ಮ ಮನೆಗೆ ಒಯ್ದಿದ್ದೆ. ಮೆಟಾಲಿಕಾ ಹಾಡು ಬಾರಿಸಬೇಕು ಅಂತ ಡಿಸ್ಟಾರ್ಷನ್ ಏರಿಸಿದರೆ, ತಂತಿ ಮುಟ್ಟುವ ಮೊದಲೇ ಗುಂಯ್ ಅಂತ ಸದ್ದು. ಮನೆಯೊಳಗೆ ಜೇನು ಹೊಕ್ಕಾವೇನೋ ಅಂತ ಅವ್ವ ಅಡುಗೆಮನೆಯಿಂದ ಬಂದು ನೋಡಿದಳು. ಗಿಟಾರ್ ಕೆಟ್ಟಿದೆ, ದುಡ್ಡು ಹೋಯ್ತು ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಅದು ಕೆಟ್ಟಿರಲಿಲ್ಲ, ಅದರ ಡಿಸೈನೇ ಹಾಗೆ. ಆ ಡಿಸೈನ್ ಮಾಡಿದವರ ಕಥೆ ಇದು.

ಲಿಯೋ ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ರೈತರ ಮನೆಯಲ್ಲಿ. ನಮ್ಮ ಭೀಮಾ ದಂಡೆಯಲ್ಲಿ ಕಬ್ಬು, ಅವರಲ್ಲಿ ಕಿತ್ತಳೆ ತೋಟ. ಎಂಟನೇ ವಯಸ್ಸಿನಲ್ಲಿ ಗೆಡ್ಡೆಯಾಗಿ ಒಂದು ಕಣ್ಣು ಹೋಯ್ತು, ಗಾಜಿನ ಕಣ್ಣು ಹಾಕಿದರು. ಕಾಲೇಜಿನಲ್ಲಿ ಓದಿದ್ದು ಅಕೌಂಟಿಂಗ್. ಎಲೆಕ್ಟ್ರಾನಿಕ್ಸ್ ಕಲಿತದ್ದು ರೇಡಿಯೋ ಬಿಚ್ಚಿ ಜೋಡಿಸಿ. ಲೆಕ್ಕ ಬರೆಯುವ ಕೆಲಸ ಹೋದಮೇಲೆ, 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲ್ಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟರು.

ಅಲ್ಲಿಗೆ ವಾದಕರು ಆಂಪ್ಲಿಫೈಯರ್ ರಿಪೇರಿಗೆ ತರುತ್ತಿದ್ದರು. ಲಿಯೋಗೆ ಗಿಟಾರ್ ಬಾರಿಸಲು ಬರ್ತಿರಲಿಲ್ಲ, ಶ್ರುತಿ ಮಾಡಲೂ ಬರ್ತಿರಲಿಲ್ಲ. ಹಾಗಾಗಿ ಬಾರಿಸುವವರ ಕಂಪ್ಲೇಂಟ್ ಎಲ್ಲಾ ಕೂತು ಕೇಳುತ್ತಿದ್ದರು. ಟೊಳ್ಳು ಗಿಟಾರ್ ಜೋರಾಗಿ ಬಾರಿಸಿದರೆ ಕೂಗುತ್ತದೆ ಅಂದರು. ಇವರು ಗಟ್ಟಿ ಮರದಲ್ಲಿ ಟೆಲಿಕಾಸ್ಟರ್ ಮಾಡಿದರು. 1951ರಲ್ಲಿ ಅದಕ್ಕೆ ಆ ಹೆಸರು ಬಂತು. ಕತ್ತನ್ನು ಅಂಟಿಸದೆ ನಾಲ್ಕು ಸ್ಕ್ರೂ ಹಾಕಿದರು, ಹಾಳಾದರೆ ಬಿಚ್ಚಿ ಬೇರೆ ಹಾಕಬಹುದು. ಪಕ್ಕಾ ರಿಪೇರಿಯವರ ಬುದ್ಧಿ! ಅಂಚು ಪಕ್ಕೆಲುಬಿಗೆ ಚುಚ್ಚುತ್ತದೆ ಅಂದಾಗ, 1954ರ ಸ್ಟ್ರಾಟೋಕಾಸ್ಟರ್‌ನಲ್ಲಿ ಮರವನ್ನು ಮೈಗೆ ಒಪ್ಪುವ ಹಾಗೆ ಕೆತ್ತಿಸಿದರು. ನನ್ನ ಗಿಟಾರ್ ಇದರದೇ ನಕಲು.

ಇದು ಹೆವಿ ಮೆಟಲ್‌ಗೆ ಆಗುತ್ತಾ? ತಂತಿಯ ಸ್ಕೇಲ್ 25.5 ಇಂಚು, ಗಿಬ್ಸನ್‌ನ 24.75ಕ್ಕಿಂತ ಉದ್ದ. ಶ್ರುತಿ ಇಳಿಸಿದರೂ ತಂತಿ ಅಷ್ಟು ಸಡಿಲ ಆಗಲ್ಲ. ಇದು ಪ್ಲಸ್. ಮೈನಸ್ ಅಂದ್ರೆ ಸಿಂಗಲ್ ಕಾಯಿಲ್ ಪಿಕಪ್. ಅಯಸ್ಕಾಂತದ ಸುತ್ತ ಸುತ್ತಿದ ಆ ತಾಮ್ರದ ತಂತಿ, ಮನೆಯ ವೈರಿಂಗ್‌ನ 50 ಹರ್ಟ್ಸ್ ಸದ್ದನ್ನೂ ಎಳೆದುಕೊಳ್ಳುತ್ತದೆ. ಗೇನ್ ಏರಿಸಿದರೆ ಅದೂ ಏರುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಕಾಯಿಲ್‌ಗಳನ್ನು ಉಲ್ಟಾ ಜೋಡಿಸಿ ಹಂಬಕರ್ ಮಾಡಿದರು. ಅದರಲ್ಲಿ ಗುಂಯ್ ಸದ್ದು ಕ್ಯಾನ್ಸಲ್ ಆಗಿ ತಂತಿಯ ಸದ್ದು ಕೂಡುತ್ತದೆ. 1969ರಲ್ಲಿ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ ರೆಕಾರ್ಡ್ ಮಾಡುವಾಗ ಟೋನಿ ಐಯೋಮಿಯ ಸ್ಟ್ರಾಟ್ ಪಿಕಪ್ ಕೈಕೊಟ್ಟಿತು, ಅವರು ಗಿಬ್ಸನ್ ಎಸ್‌ಜಿ ಎತ್ತಿಕೊಂಡರು. ಲಿಯೋ ಡಿಸೈನ್ ಮಾತ್ರ ಸೋಲಲಿಲ್ಲ. ಸ್ಕ್ರೂ ಇದೆಯಲ್ಲ, ಜನ ಬಿಚ್ಚಿದರು! ಎಡ್ಡಿ ವ್ಯಾನ್ ಹೇಲನ್ ಸ್ಟ್ರಾಟ್ ಬಾಡಿಗೆ ಹಂಬಕರ್ ಕೂರಿಸಿದರು. 2007ರಲ್ಲಿ ಬೆಂಗಳೂರಿಗೆ ಬಂದಿದ್ದ ಐರನ್ ಮೇಡನ್‌ನ ಡೇವ್ ಮರ್ರೆ ಹೆಸರಾಗಿದ್ದೂ ಹಂಬಕರ್ ಹಾಕಿದ ಸ್ಟ್ರಾಟ್‌ನಿಂದಲೇ.

ಕಾಯಿಲೆಯಿಂದ ಸೋತ ಲಿಯೋ 1965ರಲ್ಲಿ ಕಂಪನಿಯನ್ನು 1.3 ಕೋಟಿ ಡಾಲರ್‌ಗೆ ಮಾರಿದರು. ಹೆಸರೂ ಅದರ ಜೊತೆಗೇ ಹೋಯ್ತು. ಆಮೇಲೆ ಆರಾಮಾದರು. ಸುಮ್ಮನೆ ಕೂತು ಉಣ್ಣಬಹುದಿತ್ತು. ಆದರೆ 70ರ ವಯಸ್ಸಿನಲ್ಲಿ ಜಿ ಆಂಡ್ ಎಲ್ ಅನ್ನೋ ಹೊಸ ಕಂಪನಿಯಲ್ಲಿ ಮತ್ತೆ ಪಿಕಪ್ ಸುತ್ತಲು ಕೂತರು. ಅಲ್ಲಿನ ಮೊದಲ ಗಿಟಾರ್ ಎಫ್-100ಕ್ಕೆ ಹಾಕಿದ್ದು ಎರಡು ಹಂಬಕರ್! ತಮ್ಮ ಹಳೆಯ ಡಿಸೈನಿನ ಕೊರತೆಯನ್ನು ತಾವೇ ತುಂಬಿದರು. 1991ರ ಮಾರ್ಚ್ 21ರಂದು ತೀರಿಕೊಂಡರು.

ಮೆಟಲ್‌ಗೆ ಗಿಟಾರ್ ತಗೋಳೋರು ಬಣ್ಣ ಆಮೇಲೆ ನೋಡಿ. ಬ್ರಿಡ್ಜ್ ಹತ್ತಿರ ಹಂಬಕರ್ ಇದೆಯಾ, ಸ್ಕೇಲ್ ಎಷ್ಟು ಅಂತ ಕೇಳಿ. ಗೇನ್ ಏರಿಸಿ, ಬಾರಿಸದೆ ಒಂದು ನಿಮಿಷ ಕಿವಿಗೊಡಿ. ನಾನು ನನ್ನದನ್ನು ವಾಪಸ್ ಕೊಡಲಿಲ್ಲ. ಸಿಂಗಲ್ ಕಾಯಿಲ್ ಗಾತ್ರದ ಹಂಬಕರ್ ಸಿಗುತ್ತೆ, ಅದನ್ನೇ ತಂದು ನಾನೇ ಸೋಲ್ಡರ್ ಮಾಡಿದೆ. ಗುಂಯ್ ಹೋಗಿದೆ. ನನ್ನ ಬಾರಿಸುವಿಕೆ ಇನ್ನೂ ಸುಧಾರಿಸಿಲ್ಲ, ಅದು ಲಿಯೋ ತಪ್ಪಲ್ಲ.