ಗೆರ್ಹಾರ್ಡ್ ಶ್ರಾಡರ್

ಗೆರ್ಹಾರ್ಡ್ ಶ್ರಾಡರ್ (25 ಫೆಬ್ರವರಿ 1903 – 10 ಏಪ್ರಿಲ್ 1990) ಜರ್ಮನಿಯ ರಸಾಯನವಿಜ್ಞಾನಿ. ಆರ್ಗನೋಫಾಸ್ಫೇಟ್ ವರ್ಗದ ಕೀಟನಾಶಕಗಳನ್ನು ಬಳಕೆಗೆ ತಂದವರಲ್ಲಿ ಪ್ರಮುಖರು. ಟಾಬೂನ್ ಮತ್ತು ಸಾರಿನ್ ಎಂಬ ನರವಿಷಗಳ ಶೋಧದಲ್ಲಿಯೂ ಇವರ ಹೆಸರು ಸೇರಿದೆ.

ಆರಂಭಿಕ ಜೀವನ ಮತ್ತು ಶೋಧ

ಶ್ರಾಡರ್ ಬ್ರೌನ್‌ಶ್ವೈಗ್ ಬಳಿಯ ಬೋರ್ಟ್‌ಫೆಲ್ಡ್‌ನಲ್ಲಿ ಜನಿಸಿದರು. ಬ್ರೌನ್‌ಶ್ವೈಗ್‌ನಲ್ಲಿಯೇ ರಸಾಯನವಿಜ್ಞಾನವನ್ನು ಅಭ್ಯಸಿಸಿ, ಐ.ಜಿ. ಫಾರ್ಬೆನ್ ಉದ್ಯಮಸಮೂಹದಲ್ಲಿ ಕೆಲಸಕ್ಕೆ ಸೇರಿದರು. ಹೊಸ ಕೀಟನಾಶಕವನ್ನು ಹುಡುಕುವುದು ಇವರಿಗೆ ವಹಿಸಲಾಗಿದ್ದ ಕೆಲಸ. 1936ರ ಡಿಸೆಂಬರ್ 23ರಂದು ತಯಾರಿಸಿದ ಒಂದು ಸಂಯುಕ್ತವು ದಶಲಕ್ಷಕ್ಕೆ 5 ಭಾಗದಷ್ಟು ಅಲ್ಪ ಪ್ರಮಾಣದಲ್ಲಿಯೂ ಸಸ್ಯಹೇನುಗಳನ್ನೆಲ್ಲ ಕೊಂದಿತು. ಮರುತಿಂಗಳು ಪ್ರಯೋಗಾಲಯದ ಮೇಜಿನ ಮೇಲೆ ಇದರ ಒಂದು ತೊಟ್ಟು ಚೆಲ್ಲಿದಾಗ, ಶ್ರಾಡರ್ ಮತ್ತು ಅವರ ಸಹಾಯಕನ ಕಣ್ಣುಪಾಪೆಗಳು ಕುಗ್ಗಿ, ತಲೆ ಸುತ್ತಿ, ಉಸಿರು ಕಟ್ಟಿತು. ಚೇತರಿಸಿಕೊಳ್ಳಲು ಮೂರು ವಾರ ಬೇಕಾಯಿತು. ಆ ಸಂಯುಕ್ತವೇ ಟಾಬೂನ್.

ಸೈನಿಕ ಮಹತ್ವವುಳ್ಳ ಶೋಧಗಳನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ನಾಜಿ ಆಡಳಿತದ ಆಜ್ಞೆಯಂತೆ 1937ರಲ್ಲಿ ಇದರ ಮಾದರಿ ಬರ್ಲಿನ್‌ಗೆ ಹೋಯಿತು, ಸಂಶೋಧನೆ ರಹಸ್ಯವಾಯಿತು. 1938ರಲ್ಲಿ ಸಾರಿನ್ ಸಿದ್ಧವಾಯಿತು. ಯುದ್ಧಕಾಲದಲ್ಲಿ ಡೈಹರ್ನ್‌ಫುರ್ಟ್ ಕಾರ್ಖಾನೆಯಲ್ಲಿ ಸಾವಿರಾರು ಟನ್ ಟಾಬೂನ್ ತಯಾರಾದರೂ ಅದನ್ನು ರಣರಂಗದಲ್ಲಿ ಬಳಸಲಿಲ್ಲ. ಯುದ್ಧಾನಂತರ ಮಿತ್ರರಾಷ್ಟ್ರಗಳು ಶ್ರಾಡರ್ ಅವರನ್ನು ಬಂಧನದಲ್ಲಿಟ್ಟು ವಿಚಾರಿಸಿದವು.

ಪ್ಯಾರಾಥಿಯಾನ್ ಮತ್ತು ವಿಷಪ್ರಾಶನ

ಯುದ್ಧದ ಕೊನೆಯ ವರ್ಷಗಳಲ್ಲಿ ಇವರು ರೂಪಿಸಿದ ಪ್ಯಾರಾಥಿಯಾನ್ (ಇ-605) ಅನಂತರ ಹಲವು ದೇಶಗಳ ಹೊಲಗಳನ್ನು ತಲುಪಿತು. ಇದನ್ನು ಸುರಕ್ಷಿತ ಕೀಟನಾಶಕವೆಂದು ಕರೆಯುವುದು ಕಷ್ಟ. ಕೀಟವನ್ನು ಕೊಲ್ಲುವ ಕ್ರಿಯೆಯೇ ಮನುಷ್ಯನನ್ನೂ ಕೊಲ್ಲುತ್ತದೆ. 1958ರಲ್ಲಿ ಕೇರಳದಲ್ಲಿ ಫಾಲಿಡಾಲ್ ಎಂಬ ಹೆಸರಿನ ಪ್ಯಾರಾಥಿಯಾನ್ ಸಾಗಣೆಯ ವೇಳೆ ಆಹಾರ ಸಾಮಗ್ರಿಯೊಂದಿಗೆ ಬೆರೆತು ನೂರಕ್ಕೂ ಹೆಚ್ಚು ಜನರು ಮೃತಪಟ್ಟರು. ಭಾರತದ 1968ರ ಕೀಟನಾಶಕ ಕಾಯಿದೆಯ ಹಿನ್ನೆಲೆಯಲ್ಲಿ ಈ ದುರಂತವಿದೆ.

ಈ ವಿಷಗಳು ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವವನ್ನು ತಡೆಯುತ್ತವೆ. ಪರಿಣಾಮವಾಗಿ ಅಸಿಟೈಲ್‌ಕೋಲಿನ್ ನರತುದಿಗಳಲ್ಲಿ ಶೇಖರವಾಗಿ ಜೊಲ್ಲು, ಬೆವರು, ವಾಂತಿ, ಸ್ನಾಯುಗಳ ಅದುರುವಿಕೆ ಕಾಣಿಸಿಕೊಳ್ಳುತ್ತವೆ. ಶ್ವಾಸಕೋಶದಲ್ಲಿ ಸ್ರಾವ ತುಂಬುತ್ತದೆ. ಸಾವಿಗೆ ಮುಖ್ಯ ಕಾರಣ ಉಸಿರಾಟದ ವೈಫಲ್ಯ. ಆದ್ದರಿಂದ ತೀವ್ರ ನಿಗಾ ಘಟಕದಲ್ಲಿ ಶ್ವಾಸನಾಳವನ್ನು ಕಾಪಾಡುವುದಕ್ಕೆ ಮೊದಲ ಗಮನ, ಅಗತ್ಯವಿದ್ದರೆ ವೆಂಟಿಲೇಟರ್. ಎದೆಯ ಸ್ರಾವ ಒಣಗುವವರೆಗೆ ಅಟ್ರೋಪಿನ್ ಪ್ರಮಾಣವನ್ನು ಇಮ್ಮಡಿಗೊಳಿಸುತ್ತ ಹೋಗುತ್ತಾರೆ. ಕಣ್ಣುಪಾಪೆಯ ಗಾತ್ರವನ್ನಷ್ಟೇ ನೋಡಿ ಔಷಧವನ್ನು ನಿಲ್ಲಿಸುವಂತಿಲ್ಲ. ರೋಗಿಯ ಬಟ್ಟೆ ತೆಗೆದು ಮೈ ತೊಳೆಯುವುದೂ ಚಿಕಿತ್ಸೆಯ ಭಾಗವೇ.

1955ರಲ್ಲಿ ಅಮೆರಿಕದಲ್ಲಿ ಇರ್ವಿನ್ ವಿಲ್ಸನ್ ಮತ್ತು ಸಂಗಡಿಗರು ಕಿಣ್ವವನ್ನು ಬಿಡಿಸಬಲ್ಲ ಪ್ರಾಲಿಡಾಕ್ಸಿಮ್ ಅನ್ನು ಪ್ರಕಟಿಸಿದರು. ವಿಷ ಮತ್ತು ಕಿಣ್ವದ ಬಂಧ ಗಟ್ಟಿಯಾಗುವ ಮುನ್ನ ಕೊಟ್ಟರೆ ಮಾತ್ರ ಇದು ಫಲಕಾರಿ. ಇದರ ಪ್ರಯೋಜನದ ಬಗ್ಗೆ ವೈದ್ಯರಲ್ಲಿ ಇಂದಿಗೂ ಒಮ್ಮತವಿಲ್ಲ. ಮೊದಲ ಲಕ್ಷಣಗಳು ಇಳಿದು ಒಂದರಿಂದ ನಾಲ್ಕು ದಿನಗಳಲ್ಲಿ ಕತ್ತಿನ ಹಾಗೂ ಉಸಿರಾಟದ ಸ್ನಾಯುಗಳು ದುರ್ಬಲವಾಗುವ ಸ್ಥಿತಿಯನ್ನು 1987ರಲ್ಲಿ ಶ್ರೀಲಂಕಾದ ವೈದ್ಯರು ವಿವರಿಸಿದರು. ಚೇತರಿಸಿಕೊಂಡಂತೆ ಕಂಡ ರೋಗಿಯನ್ನು ಬೇಗನೆ ಮನೆಗೆ ಕಳುಹಿಸದಿರುವುದು ಇದೇ ಕಾರಣಕ್ಕೆ.

ಇದಾದ ಮೂರು ವರ್ಷಗಳ ನಂತರ ಶ್ರಾಡರ್ ವುಪ್ಪರ್‌ಟಾಲ್‌ನಲ್ಲಿ ನಿಧನರಾದರು.