ಟೆಸ್ಲಾ ಕಟ್ಟಿದ ಗೋಪುರ, ನಮ್ಮ ಮೇಜಿನ ಮೇಲಿನ ಚಾರ್ಜಿಂಗ್ ಪ್ಯಾಡ್

ವೈರ್‌ಲೆಸ್ ಚಾರ್ಜರ್ ಅಂತ ಮಾರುವ ವಸ್ತುವನ್ನು ಬಳಸಬೇಕಾದರೆ ಮೊದಲು ಬೇಕಾಗುವುದೇ ಒಂದು ವೈರು. ಪ್ಯಾಡಿನಿಂದ ಗೋಡೆಯ ಸಾಕೆಟ್ಟಿಗೆ ಅದು ಹೋಗಲೇಬೇಕು. ತಂತಿಯಿಲ್ಲದೆ ಕರೆಂಟು ದಾಟುವುದು ಪ್ಯಾಡಿಗೂ ಫೋನಿಗೂ ನಡುವಿನ ಕೆಲವೇ ಮಿಲಿಮೀಟರು. ಆ ಕೆಲವು ಮಿಲಿಮೀಟರನ್ನು ಇಡೀ ಭೂಮಿಯಗಲಕ್ಕೆ ಹಿಗ್ಗಿಸಲು ಹೊರಟು, ಕೈಯಲ್ಲಿದ್ದದ್ದನ್ನೆಲ್ಲ ಕಳೆದುಕೊಂಡ ಇಂಜಿನಿಯರ್ ಒಬ್ಬನಿದ್ದ. ಹೆಸರು ನಿಕೋಲಾ ಟೆಸ್ಲಾ. ಇವತ್ತು ಆ ಹೆಸರು ಕೇಳಿದರೆ ಬಹಳ ಜನಕ್ಕೆ ನೆನಪಾಗುವುದು ಕಾರು.

ಟೆಸ್ಲಾ ಹುಟ್ಟಿದ್ದು 1856ರ ಜುಲೈ 10ರಂದು, ಇಂದಿನ ಕ್ರೊಯೇಷಿಯಾದ ಸ್ಮಿಲ್ಯಾನ್ ಎಂಬ ಹಳ್ಳಿಯ ಸರ್ಬ್ ಕುಟುಂಬದಲ್ಲಿ. ತಂದೆ ಆರ್ಥೊಡಾಕ್ಸ್ ಪಾದ್ರಿ. ಗ್ರಾಜ್‌ನ ಪಾಲಿಟೆಕ್ನಿಕ್ ಸೇರಿದ, ಡಿಗ್ರಿ ಮುಗಿಸಲಿಲ್ಲ. ಬುಡಾಪೆಸ್ಟ್‌ನ ಟೆಲಿಫೋನ್ ಕಂಪನಿ, ಆಮೇಲೆ ಪ್ಯಾರಿಸ್‌ನ ಎಡಿಸನ್ ಕಂಪನಿ, 1884ರಲ್ಲಿ ನ್ಯೂಯಾರ್ಕ್. ಅಲ್ಲೂ ಎಡಿಸನ್ ಕೈಕೆಳಗೆ ಕೆಲವೇ ತಿಂಗಳು ಕೆಲಸ. ಸ್ವಂತ ಕಂಪನಿ ಕೈತಪ್ಪಿದ ಮೇಲೆ ಹೊಟ್ಟೆಪಾಡಿಗೆ ಗುಂಡಿ ತೋಡುವ ಕೂಲಿಯನ್ನೂ ಮಾಡಿದ.

1888ರಲ್ಲಿ ಎಲ್ಲ ಬದಲಾಯಿತು. ಎಸಿ ಕರೆಂಟಿನಿಂದ ತಿರುಗುವ ಇಂಡಕ್ಷನ್ ಮೋಟರಿನ ಪೇಟೆಂಟುಗಳನ್ನು ವೆಸ್ಟಿಂಗ್‌ಹೌಸ್ ಕಂಪನಿ ಕೊಂಡುಕೊಂಡಿತು. ಇಟಲಿಯ ಗೆಲಿಲಿಯೊ ಫೆರಾರಿಸ್ ಕೂಡ ಅದೇ ಕಾಲಕ್ಕೆ ಸ್ವತಂತ್ರವಾಗಿ ಅದೇ ತತ್ವ ಕಂಡುಕೊಂಡಿದ್ದ. ಆದರೆ ಅದನ್ನು ಮಾರುಕಟ್ಟೆಯ ಯಂತ್ರವಾಗಿಸುವ ದಾರಿ ತೆರೆದದ್ದು ಟೆಸ್ಲಾ ಪೇಟೆಂಟುಗಳು. ಸ್ಥಿರವಾದ ಸುರುಳಿಗಳಲ್ಲಿ ಹರಿಯುವ ಕರೆಂಟು ತಿರುಗುವ ಕಾಂತಕ್ಷೇತ್ರ ಹುಟ್ಟಿಸುತ್ತೆ, ನಡುವಿನ ರೋಟರ್ ಯಾವ ತಂತಿಯ ಸಂಪರ್ಕವೂ ಇಲ್ಲದೆ ಅದರ ಹಿಂದೆ ಸುತ್ತುತ್ತೆ. ನಮ್ಮ ತೋಟದ ಬೋರ್‌ವೆಲ್ ಪಂಪು, ಹಿಟ್ಟಿನ ಗಿರಣಿ ಇವತ್ತಿಗೂ ಓಡುತ್ತಿರುವುದು ಈ ಜಾತಿಯ ಮೋಟರಿನಿಂದಲೇ.

1896ರಲ್ಲಿ ನಯಾಗರ ಜಲಪಾತದ ಎಸಿ ಕರೆಂಟು ಬಫೆಲೋ ನಗರಕ್ಕೆ ಹರಿಯಿತು. ಆರೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಎಸಿ ಕರೆಂಟು ಹೋಯಿತು. ಕಾವೇರಿ ದಡದ ಆ ಯೋಜನೆಯಲ್ಲಿ ಟೆಸ್ಲಾ ಪಾತ್ರವೇನೂ ಇಲ್ಲ, ಉಪಕರಣ ಕೊಟ್ಟದ್ದು ಜನರಲ್ ಎಲೆಕ್ಟ್ರಿಕ್. ಆದರೆ ಅಷ್ಟು ದೂರ ಕರೆಂಟು ಸಾಗಿಸಬಹುದೆಂಬ ಧೈರ್ಯ ಬಂದದ್ದು ಅವನಂಥವರು ಗೆಲ್ಲಿಸಿದ ಎಸಿಯಿಂದಲೇ.

ಇಲ್ಲಿಗೇ ನಿಂತಿದ್ದರೆ ಟೆಸ್ಲಾ ಸಾಹುಕಾರನಾಗಿ ಸಾಯುತ್ತಿದ್ದನೋ ಏನೋ. ಆದರೆ ತಾನೇ ಗೆಲ್ಲಿಸಿದ ತಂತಿಗಳ ಜಾಲ ಅವನಿಗೆ ಹಳೆಯದಾಗಿ ಕಂಡಿತು. 1891ರಲ್ಲೇ ಟೆಸ್ಲಾ ಕಾಯಿಲ್ ಮಾಡಿ, ಕೊಲಂಬಿಯಾ ಕಾಲೇಜಿನ ಉಪನ್ಯಾಸದಲ್ಲಿ ಯಾವ ತಂತಿಗೂ ಸೇರದ ಗಾಜಿನ ಕೊಳವೆಗಳನ್ನು ಬೆಳಗಿಸಿ ತೋರಿಸಿದ್ದ. ಇದರ ಹಿಂದಿನ ಗುಟ್ಟು ಅನುರಣನ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಿಕೆಗೂ ಜೋರಾಗಿ ಜೀಕುತ್ತಲ್ಲ, ಹಾಗೇ. ಒಂದೇ ಲಯಕ್ಕೆ ಹೊಂದಿಸಿದ ಎರಡು ಸುರುಳಿಗಳ ನಡುವೆ ಶಕ್ತಿ ಸುಲಭವಾಗಿ ದಾಟುತ್ತೆ.

1899ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ದೈತ್ಯ ಕಾಯಿಲ್ ಕಟ್ಟಿ ಕೃತಕ ಮಿಂಚು ಹೊಡೆಸಿದ. ಭೂಮಿಯನ್ನೇ ಒಂದು ದೊಡ್ಡ ವಾಹಕವಾಗಿ ಮಿಡಿಸಿದರೆ, ಎಲ್ಲಿ ಬೇಕಾದರೂ ಕಂಬಿ ನೆಟ್ಟು ಕರೆಂಟು ತೆಗೆಯಬಹುದು ಎಂಬ ನಂಬಿಕೆ ಅವನದಾಗಿತ್ತು. 1901ರಲ್ಲಿ ಬ್ಯಾಂಕರ್ ಜೆ.ಪಿ. ಮಾರ್ಗನ್ 1,50,000 ಡಾಲರ್ ಕೊಡಲು ಒಪ್ಪಿದ. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಸುಮಾರು 57 ಮೀಟರ್ ಎತ್ತರದ ವಾರ್ಡನ್‌ಕ್ಲಿಫ್ ಗೋಪುರ ಏಳತೊಡಗಿತು.

ಮೀಟರ್ ಇಡಲಾಗದ ಕರೆಂಟು ಬೇಡ ಎಂದು ಮಾರ್ಗನ್ ಹಣ ನಿಲ್ಲಿಸಿದ ಎನ್ನುವ ಕತೆ ವಾಟ್ಸಾಪಿನಲ್ಲಿ ಬಹಳ ಓಡಾಡುತ್ತೆ. ಬಡವರಿಗೆ ಪುಕ್ಕಟೆ ಕರೆಂಟು, ಅದನ್ನು ತಡೆದ ಬಂಡವಾಳಗಾರ. ಕೇಳಲು ಚೆನ್ನಾಗಿದೆ. ನಡೆದದ್ದು ಇಷ್ಟು ನಾಟಕೀಯವಲ್ಲ. ಮಾರ್ಗನ್ ಹಣ ಹಾಕಿದ್ದು ಅಟ್ಲಾಂಟಿಕ್ ದಾಟುವ ತಂತಿರಹಿತ ಸಂದೇಶಕ್ಕೆ. 1901ರ ಡಿಸೆಂಬರಿನಲ್ಲಿ ಮಾರ್ಕೋನಿ ಬಹಳ ಸರಳ ಉಪಕರಣದಿಂದ ಅದನ್ನು ಸಾಧಿಸಿದ್ದಾಗಿ ಘೋಷಿಸಿದ. ಟೆಸ್ಲಾ ಯೋಜನೆಯ ಖರ್ಚು ಮಾತ್ರ ಬೆಳೆಯುತ್ತಲೇ ಹೋಯಿತು. ಇನ್ನಷ್ಟು ಹಣ ಕೇಳುತ್ತಾ ಸಂದೇಶವಷ್ಟೇ ಅಲ್ಲ, ವಿದ್ಯುಚ್ಛಕ್ತಿಯನ್ನೂ ಕಳಿಸುತ್ತೇನೆಂದು ಟೆಸ್ಲಾ ತಿಳಿಸಿದ. ಮಾರ್ಗನ್ ಕೈ ಎತ್ತಿದ. ಹೋಟೆಲ್ ಬಾಡಿಗೆಯ ಬಾಕಿಗೆ ಆ ಆಸ್ತಿಯೇ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನವರ ಪಾಲಾಯಿತು. 1917ರಲ್ಲಿ ಗೋಪುರವನ್ನು ಕೆಡವಿದರು.

ಹಣ ಸಿಕ್ಕಿದ್ದರೂ ಅದು ನಡೆಯುತ್ತಿರಲಿಲ್ಲ. ಸುರುಳಿಯ ಅಳತೆಗಿಂತ ದೂರ ಹೋದ ಮೇಲೆ, ದೂರ ಎರಡು ಪಟ್ಟಾದರೆ ಅದರ ಕಾಂತಕ್ಷೇತ್ರ ಎಂಟನೇ ಒಂದು ಭಾಗಕ್ಕಿಳಿಯುತ್ತೆ. ಭೂಮಿಯೂ ಅವನು ಅಂದುಕೊಂಡಂತೆ ನಷ್ಟವಿಲ್ಲದ ವಾಹಕವಲ್ಲ. ಸಂದೇಶಕ್ಕೆ ಚಿಟಿಕೆಯಷ್ಟು ಶಕ್ತಿ ತಲುಪಿದರೂ ಸಾಕು, ದೀಪ ಉರಿಯಲು ಸಾಲದು. 2007ರಲ್ಲಿ ಎಂಐಟಿಯಲ್ಲಿ, ಕ್ರೊಯೇಷಿಯಾ ಮೂಲದವನೇ ಆದ ಮರಿನ್ ಸೊಲ್ಯಾಚಿಚ್‌ನ ತಂಡ ಅನುರಣನದಿಂದ 60 ವಾಟಿನ ಬಲ್ಬನ್ನು 2 ಮೀಟರ್ ದೂರದಿಂದ ಬೆಳಗಿಸಿತು. ದಕ್ಷತೆ ಸುಮಾರು ಶೇ. 40. ನೂರು ವರ್ಷದ ನಂತರವೂ ಅಷ್ಟೇ.

ಹಾಗಾದರೆ ನಮ್ಮ ಪ್ಯಾಡ್ ದಂಡವೇ? ಲೆಕ್ಕ ಹಾಕೋಣ. ಫೋನಿಗೆ ದಿನಕ್ಕೆ 15 ವಾಟ್-ಅವರ್ ಬೇಕು, ವೈರಿನಲ್ಲಿ ದಕ್ಷತೆ ಶೇ. 90, ಪ್ಯಾಡಿನಲ್ಲಿ ಶೇ. 70 ಅಂದುಕೊಳ್ಳಿ. ವರ್ಷಕ್ಕೆ ಹೆಚ್ಚುವರಿ ನಷ್ಟ ಎರಡು ಯೂನಿಟ್ಟೂ ಆಗಲ್ಲ. ಅಂದರೆ ಬಿಲ್ಲು ಸಮಸ್ಯೆಯೇ ಅಲ್ಲ. ಆ ನಷ್ಟ ಶಾಖವಾಗುವುದು ಸಮಸ್ಯೆ, ಯಾಕಂದ್ರೆ ಬಿಸಿ ಲಿಥಿಯಂ ಬ್ಯಾಟರಿಯ ಆಯಸ್ಸು ತಿನ್ನುತ್ತೆ. ಫೋನು ಸ್ವಲ್ಪ ಆಚೀಚೆ ಇಟ್ಟರೆ ಸುರುಳಿಗಳು ಹೊಂದದೆ ಶಾಖ ಇನ್ನೂ ಜಾಸ್ತಿ. ಹೊಸ ಚೀ2 ಮಾನದಂಡದಲ್ಲಿ ಆಯಸ್ಕಾಂತ ಸೇರಿಸಿದ್ದು ಇದಕ್ಕೇ. ಎಲ್ಲಿಟ್ಟರೂ ಚಾರ್ಜ್ ಆಗುವ ಚಾಪೆ ತರುತ್ತೇವೆಂದು 2017ರಲ್ಲಿ ಹೇಳಿದ ಆಪಲ್, 2019ರಲ್ಲಿ ಏರ್‌ಪವರ್ ಯೋಜನೆಯನ್ನೇ ಕೈಬಿಟ್ಟಿತು.

ಎಲೆಕ್ಟ್ರಿಕ್ ಟೂತ್‌ಬ್ರಷ್, ಕೈಗಡಿಯಾರದಂಥ ಸಣ್ಣ ವಸ್ತುಗಳಿಗೆ ಈ ವಿದ್ಯೆ ಚೆನ್ನಾಗಿ ಒಪ್ಪುತ್ತೆ. ನೀರು ನುಗ್ಗುವ ತೂತೇ ಬೇಕಿಲ್ಲ. ಮಿಕ್ಸಿಯಂಥವಕ್ಕೆ ಬಂದರೆ ಶೇ. 10ರ ನಷ್ಟವೂ ಬಹಳ ವಾಟುಗಳ ಶಾಖ. ಅಲ್ಲಿ ವೈರೇ ವಾಸಿ.

ಟೆಸ್ಲಾ ಕೊನೆಯ ವರ್ಷಗಳನ್ನು ಕಳೆದದ್ದು ನ್ಯೂಯಾರ್ಕರ್ ಹೋಟೆಲಿನ 3327ನೇ ಕೋಣೆಯಲ್ಲಿ. ಬಾಡಿಗೆ ಕಟ್ಟುತ್ತಿದ್ದದ್ದು ವೆಸ್ಟಿಂಗ್‌ಹೌಸ್. ಒಡನಾಟ ಹೆಚ್ಚಾಗಿ ಪಾರಿವಾಳಗಳ ಜೊತೆ. 1943ರ ಜನವರಿ 7ರಂದು ಒಂಟಿಯಾಗಿ ತೀರಿಕೊಂಡ. 1960ರಲ್ಲಿ ಕಾಂತಕ್ಷೇತ್ರದ ಅಳತೆಗೆ ಅವನ ಹೆಸರಿಟ್ಟರು. ಪುಕ್ಕಟೆ ಕರೆಂಟಿನ ಕತೆಯಲ್ಲಿ ಅವನನ್ನು ಹುತಾತ್ಮನಾಗಿಸುವವರು, ಊರೂರಿಗೆ ತಂತಿಯಲ್ಲಿ ಕರೆಂಟು ತಂದ ಅವನ ಅಸಲಿ ಕೆಲಸವನ್ನೇ ಮರೆಯುತ್ತಾರೆ. ಪ್ಯಾಡಿನ ವೈರನ್ನು ಚುಚ್ಚುವ ಸಾಕೆಟ್ಟಿಗೆ ಬರುತ್ತಿರುವುದು ಅದೇ ಎಸಿ.